ಹುಟ್ಟುಹಬ್ಬದ ಹುಲಿ

ನವೆಂಬರ್ ೫, ಬುಧವಾರ, ಗೌರಿ ಹುಣ್ಣಿಮೆ

ಇವತ್ತು ರೋಹಿಣಿಯ ಮುಖದ ಮೇಲೆ ಸಕ್ಕರೆ ಆರತಿಯ ತಟ್ಟೆ ಎಸೆದುಬಿಡಬೇಕು ಅನ್ನಿಸಿತ್ತು. ತಟ್ಟೆ ನನ್ನ ಮಗಳು ಇಂಚರಾಳ ಕೈಯಲ್ಲಿತ್ತು, ಅದಕ್ಕೇ ಬಚಾವಾದಳು.

ಸಂಜೆ ಓಣಿಯ ಹುಡುಗಿಯರೆಲ್ಲ ಸಕ್ಕರೆ ಗೊಂಬೆಗಳ ಆರತಿ ಹಿಡಿದುಕೊಂಡು ಗೌರಿಗೆ ಬೆಳಗಲು ಗುಡಿಗೆ ಹೊರಟಿದ್ದರು. ಇಬ್ಬಿಬ್ಬರು ಜೋಡಿ. ರೋಹಿಣಿಯ ಮಗಳು ಸ್ಪಂದನಾ ಓಡಿ ಬಂದು ನನ್ನ ಮಗಳ ಬಾಜು ನಿಂತಳು. ಅಷ್ಟರಲ್ಲಿ ರೋಹಿಣಿ ಅವಳ ರಟ್ಟೆ ಹಿಡಿದು ಎಳೆದಳು. "ಈ ಕಡೆ ಬಾ, ದೀಪ ಹತ್ತೀತು ಅರಬಿಗೆ" ಅಂದಳು. ಅರಿವೆಗೆ ದೀಪ ಹತ್ತುವ ಹೆದರಿಕೆ ಉಳಿದ ಯಾವ ಜೋಡಿಗೂ ಇರಲಿಲ್ಲ. ಇಂಚರಾ ಸಾಲಿನ ಕೊನೆಗೆ ಒಬ್ಬಳೇ ನಡೆದಳು. ಹಾಡನ್ನು ಮಾತ್ರ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದಳು.

ಮನೆಗೆ ಬಂದವಳೇ, "ಅವ್ವಾ, ನನ್ನ ಆರತಿ ಭಾಳ ವಜ್ಜ ಇತ್ತು, ಅದಕ್ಕ ನಾ ಹಿಂದ ಉಳದ್ನಿ" ಅಂದಳು. ಪಾಪ, ಅವಳಿಗೆ ಏನೂ ತಿಳಿಯುವುದಿಲ್ಲ. ತಿಳಿಯದೆ ಇರುವುದೇ ಒಳ್ಳೆಯದು.

ಹೋದ ಯುಗಾದಿಯ ಹೊತ್ತಿಗೆ ಮೇಲಿನ ತುಟಿಯ ಹತ್ತಿರ ಜೋಳದ ಕಾಳಿನಷ್ಟು ಬಿಳಿ ಕಲೆ ಕಂಡಿತ್ತು. ಈಗ ಬಾಯಿಯ ಸುತ್ತ, ಎಡಗಣ್ಣಿನ ರೆಪ್ಪೆಯ ಮೇಲೆ, ಬೆರಳುಗಳ ತುದಿಗೆ ಹರಡಿದೆ. ಹುಬ್ಬಳ್ಳಿಯ ಡಾಕ್ಟರು ಮೂರು ಸಲ ಹೇಳಿದರು: ಇದು ಅಂಟುವುದಿಲ್ಲ, ನೋಯುವುದಿಲ್ಲ, ಜೀವಕ್ಕೆ ಏನೂ ಇಲ್ಲ. ಅವರು ಹೇಳಿದ್ದು ನನಗೆ. ನಮ್ಮೂರು ಮೊರಬಕ್ಕೆ ಯಾರು ಹೇಳಬೇಕು? ಓಣಿಯವರು ಅದನ್ನು ಒಂದು ಹೆಸರಿನಿಂದ ಕರೆಯುತ್ತಾರೆ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ಈ ತಿಂಗಳ ಮೂವತ್ತಕ್ಕೆ ಭಾನುವಾರ. ಅವತ್ತು ಇಂಚರಾಳಿಗೆ ಏಳು ತುಂಬುತ್ತದೆ. ಓಣಿಯ ಮಕ್ಕಳು, ಶಾಲೆಯ ವ್ಯಾನಿನ ಮಕ್ಕಳು, ಎಲ್ಲರೂ ನಮ್ಮ ಮನೆಗೆ ಬರಬೇಕು, ಬಂದು ಅವಳ ಬಾಜು ಕೂತು ಉಣ್ಣಬೇಕು. ಒಂದು ಸಲ ಕೂತರೆ ಆಯಿತು, ಅಂಜಿಕೆ ಹೋಗುತ್ತದೆ. ಅವತ್ತು ಯಾರೂ ಬರದೆ ಹೋದರೆ ನನ್ನ ಮಗಳು ಜೀವಮಾನವಿಡೀ ಸಾಲಿನ ಕೊನೆಗೇ ನಡೆಯುತ್ತಾಳೆ. ಹಾಗಾಗಲು ನಾನು ಬಿಡುವುದಿಲ್ಲ.

ನವೆಂಬರ್ ೮, ಶನಿವಾರ

ಈಗ ಹುಟ್ಟುಹಬ್ಬಕ್ಕೆ ಬರೀ ಕೇಕು, ಬಲೂನು ಸಾಲುವುದಿಲ್ಲ, ಥೀಮ್ ಬೇಕು. ಎರಡು ದಿನದಿಂದ ಮೊಬೈಲಿನಲ್ಲಿ ಅದನ್ನೇ ನೋಡುತ್ತ ಕೂತಿದ್ದೇನೆ. ಅತ್ತೆ ಬಂದು ಕೇಳಿದರು, "ಥೀಮ್ ಅಂದ್ರ ಏನ ಬೇ ಅದು? ತಿನ್ನೂದೋ, ಉಡೂದೋ?"

ನಮ್ಮವರು ಹಾಸಿಗೆ ಮೇಲಿಂದಲೇ ಹೇಳಿದರು, "ಎರಡೂ ಅಲ್ಲಬೇ. ತಲಿ ತಿನ್ನೂದು."

ಇಂಚರಾಳಿಗೆ ಸಮುದ್ರ ಬೇಕಂತೆ. "ನಾ ಮೀನ ಆಕ್ಕೀನಿ" ಅಂತ ಎರಡೂ ಕೈ ಬೀಸಿ ಈಜಿ ತೋರಿಸಿದಳು. ಮೀನಿನ ಫ್ರಾಕು ನೋಡಿದೆ. ಅದಕ್ಕೆ ತೋಳೇ ಇಲ್ಲ, ಕೈಯೆಲ್ಲ ಕಾಣುತ್ತದೆ. "ಮೊರಬದಾಗ ಸಮುದ್ರ ಎಲ್ಲಿಂದ ತರ್ಲಿ? ಬೆಣ್ಣಿಹಳ್ಳದಾಗ ಮೊಳಕಾಲ ಮಟಾ ನೀರಿಲ್ಲ. ಕಾಡ ಮಾಡೂಣು" ಅಂದೆ.

"ಕಾಡ ಎಲ್ಲೈತಿ?" ಅಂದಳು. ಅದೂ ಖರೆ. ನಮ್ಮ ಎರೆ ಹೊಲದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಕಡಲೆ, ಹತ್ತಿ. ಬದುವಿಗೊಂದು ಬಳ್ಳಾರಿ ಜಾಲಿ ಇದ್ದರೆ ಅದೇ ದೊಡ್ಡ ಮರ. "ಕಾಡು ನಾ ತರ್ತೀನಿ ತಗೋ" ಅಂದೆ.

ಕಾಡೇ ಯಾಕೆ ಅಂತ ಅವಳಿಗೆ ಹೇಳಲಿಲ್ಲ. ಕಾಡಿನ ಥೀಮಿನಲ್ಲಿ ಎಲ್ಲ ಮಕ್ಕಳ ಮುಖಕ್ಕೂ ಬಣ್ಣ ಬಳಿಯುತ್ತಾರೆ. ಒಬ್ಬ ಹುಲಿ, ಒಬ್ಬ ಕರಡಿ, ಒಬ್ಬಳು ಚಿರತೆ. ಅಷ್ಟು ಬಣ್ಣದ ಮುಖಗಳ ನಡುವೆ ನನ್ನ ಮಗಳ ಮುಖ ಯಾವುದು ಅಂತ ಯಾರಿಗೂ ತಿಳಿಯುವುದಿಲ್ಲ. ಇದು ಹೊಳೆದ ಮೇಲೆ ಬಹಳ ದಿನದ ನಂತರ ಹೊಟ್ಟೆ ತುಂಬ ರೊಟ್ಟಿ ತಿಂದೆ.

ನವೆಂಬರ್ ೧೨, ಬುಧವಾರ

ಕರೆಯಲು ಹೋಗಿದ್ದೆ, ಕುಂಕುಮ ಭರಣಿ ಹಿಡಿದುಕೊಂಡು ಮನೆ ಮನೆಗೆ. ನಮ್ಮ ಕಡೆ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುವವರು ಯಾರಿದ್ದಾರೆ? "ನೋಡೂಣ ತಗೋರಿ" ಅನ್ನುತ್ತಾರೆ. "ಹತ್ತಿ ಬಿಡಸೂದು ನಡದೈತ್ರಿ, ಹೆಂಗಾಕ್ಕೇತೋ" ಅನ್ನುತ್ತಾರೆ. ಹತ್ತಿ ಬಿಡಿಸುವುದು ದೊಡ್ಡವರು. ಏಳು ವರ್ಷದ ಮಕ್ಕಳಿಗೆ ಭಾನುವಾರ ಸಂಜೆ ಯಾವ ಹೊಲ ಕಾದಿದೆ?

ರೋಹಿಣಿ ಚಹಾ ಕೊಟ್ಟಳು. ನಾವಿಬ್ಬರೂ ಈ ಓಣಿಗೆ ಒಂದೇ ವರ್ಷ ಸೊಸೆಯರಾಗಿ ಬಂದವರು, ಒಂದೇ ತಿಂಗಳು ಹಡೆದವರು. ಅವಳಿಗೆ ಬಾಣಂತನದಲ್ಲಿ ಟೈಫಾಯ್ಡ್ ಆದಾಗ ಸ್ಪಂದನಾಳಿಗೂ ನಾನೇ ಹಾಲೂಡಿದ್ದೆ.

"ಆವತ್ತ ನಾವು ಊರಾಗ ಇರೂದಿಲ್ಲ ನಂದಾ. ಶಲವಡ್ಯಾಗ ನಮ್ಮಣ್ಣನ ಮನ್ಯಾಗ ಕಾರ್ಯ ಐತಿ."

"ಏನ ಕಾರ್ಯ?"

"ಏನೋ ಐತಿ" ಅಂದಳು. ಅವಳಿಗೆ ಸುಳ್ಳು ಹೇಳಲು ಮೊದಲಿನಿಂದಲೂ ಬರುವುದಿಲ್ಲ. ನನ್ನ ಹಾಲು ಕುಡಿದಾಗ ಆ ಹುಡುಗಿಗೆ ಏನೂ ಅಂಟಲಿಲ್ಲ. ಈಗ ನನ್ನ ಮಗಳ ಬಾಜು ನಿಂತರೆ ಅಂಟುತ್ತದಂತೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಬೆಳಿಗ್ಗೆ ಮಾತ್ರ ಸಮಾಧಾನದ ಒಂದು ಮಾತು. ಹುಬ್ಬಳ್ಳಿಯಿಂದ ತಂದ ಮೈಬಣ್ಣದ ಕ್ರೀಮು ಚೆನ್ನಾಗಿ ಕೂಡುತ್ತಿದೆ. ಅದರ ಮೇಲೆ ಪೌಡರು ಬಡಿದರೆ ದೂರದಿಂದ ಏನೂ ಕಾಣುವುದಿಲ್ಲ. ಇಂಚರಾ ಎಂಥ ಜಾಣೆ ಅಂದರೆ ಈಗ ನಾನು ಕರೆಯುವ ಮೊದಲೇ ಬಂದು, ಕಣ್ಣು ಮುಚ್ಚಿ, ಗದ್ದ ಎತ್ತಿ ನಿಲ್ಲುತ್ತಾಳೆ. ನೋಡಿಕೊಂಡು ನೊಂದುಕೊಳ್ಳಬಾರದು ಅಂತ ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದೇನೆ. ಹಚ್ಚುವಾಗ ನಾನೂ ನನ್ನ ಬೆರಳನ್ನಷ್ಟೇ ನೋಡುತ್ತೇನೆ.

ನವೆಂಬರ್ ೧೫, ಶನಿವಾರ

ವ್ಯಾನಿನ ಮಕ್ಕಳಿಗೆ ಕೊಡು ಅಂತ ಇಂಚರಾಳ ಚೀಲದಲ್ಲಿ ಕಾರ್ಡು ಇಟ್ಟಿದ್ದೆ, ಸಿಂಹದ ಚಿತ್ರ ಇರುವವು. ಬಹಳಷ್ಟು ಹಾಗೇ ವಾಪಸು ಬಂದಿವೆ. "ಹೆಚ್ಚಿಗಿ ಆಗಿದ್ವು ಅವ್ವಾ" ಅಂದಳು. ನಾನೇ ಲೆಕ್ಕ ತಪ್ಪಿ ಹೆಚ್ಚು ಮಾಡಿಸಿರಬೇಕು.

ಓಣಿಯಲ್ಲಿ ಇನ್ನೂ ಒಬ್ಬರೂ ಹೂಂ ಅಂದಿಲ್ಲ.

ನವೆಂಬರ್ ೧೮, ಮಂಗಳವಾರ

ಬಾಷಾಸಾಬನ ಮನೆಗೆ ಹೋಗಿದ್ದೆ. ಬೋರ್ಡು ಬರೆಯುತ್ತಾನೆ, ಗೋಡೆಗೆ ಬಣ್ಣ ಹೊಡೆಯುತ್ತಾನೆ. ಮೊಹರಮ್ಮಿನ ಅಲಾಯಿ ಹಬ್ಬ ಬಂದರೆ ಹರಕೆಯ ಹುಲಿಗಳಿಗೆ ಬಣ್ಣ ಬಳಿಯುವವನೂ ಅವನೇ. ಜಡ್ಡಾದ ಮಗು ಗುಣವಾಗಲಿ ಅಂತ ನಮ್ಮ ಮಂದಿಯೂ ಅವರ ಮಂದಿಯೂ ಹರಕೆ ಹೊರುತ್ತಾರೆ, ಮಗುವಿಗೆ ಹುಲಿಯ ಪಟ್ಟೆ ಬಳಿಸಿ, ಹಲಗೆ ಬಡಿಸಿ ಮಸೂತಿಯ ಮುಂದೆ ಕುಣಿಸುತ್ತಾರೆ. ಅವನ ಕೈಯ ಹುಲಿ ನೋಡಿದರೆ ನಾಯಿಯೂ ದೂರ ಸರಿಯುತ್ತದೆ. ಹುಟ್ಟುಹಬ್ಬದ ದಿನ ಬಂದು ಮಕ್ಕಳ ಮುಖಕ್ಕೆ ಬಣ್ಣ ಬಳಿ ಅಂತ ಕೇಳಿದೆ.

"ಕರಡಿ, ಮಂಗ್ಯಾ ಅಂದ್ರ ನಂಗ ಬರೂದಿಲ್ರಿ ಅಕ್ಕಾರ. ನಂಗ ಬರೂದು ಹುಲಿ ಒಂದ. ಹುಲಿ ಬಣ್ಣ ಆಟಕ್ಕ ಬಳಿಯೂದಲ್ರಿ. ನಮ್ಮಪ್ಪನೂ ಬಳದಿಲ್ಲ, ನಾನೂ ಬಳಿಯೂದಿಲ್ಲ. ಹರಕಿ ಇತ್ತಂದ್ರ ಹೇಳ್ರಿ, ಬರ್ತೀನಿ."

ಎದ್ದು ಬರಬೇಕಾಗಿತ್ತು. ಎದ್ದೆ ಕೂಡ. ಬಾಗಿಲ ತನಕ ಹೋದವಳಿಗೆ ಬರೀ ಮುಖದ ಇಂಚರಾ ಖಾಲಿ ಅಂಗಳದಲ್ಲಿ ಕೇಕಿನ ಮುಂದೆ ನಿಂತಂತೆ ಕಂಡಿತು. ತಿರುಗಿ ನಿಂತು, "ಹರಕಿನ ಐತಿ" ಅಂದೆ.

ಅವನು ಕುಂಚ ತೊಳೆಯುವುದನ್ನು ನಿಲ್ಲಿಸಿದ. "ಅಲಾಯಿ ಹಬ್ಬ ಬರೂದು ಜೂನ್‌ದಾಗ್ರಿ."

"ಹುಟ್ಟಿದ ದಿನಾನ ಮಾಡ್ತೀನಂತ ಬೇಡ್ಕೊಂಡೀನಿ. ನನ್ನ ಮಗಳ ಮುಖದ ಕಲಿ ಹೋಗಲಿ ಅಂತ."

ಮತ್ತೆ ಒಂದು ಮಾತೂ ಕೇಳಲಿಲ್ಲ. ಕೈ ಒರೆಸಿಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡ. "ಬರ್ತೀನ್ರಿ. ಹರಕಿ ಬಣ್ಣಕ್ಕ ನಾ ರೊಕ್ಕಾ ತಗೊಳ್ಳೂದಿಲ್ಲ" ಅಂದ. ಮುಳುಗುವವರಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರೆ. ನಾನು ಸುಳ್ಳಿನ ಕಡ್ಡಿ ಹಿಡಿದಿದ್ದೇನೆ, ಅಷ್ಟೇ. ಮಗಳ ಸಲುವಾಗಿ ತಾನೇ? ಉಳಿದ ಮಕ್ಕಳಿಗೂ ಅವತ್ತು ಹೇಗಾದರೂ ಅವನ ಕೈಯಿಂದಲೇ ಬಳಿಸಿದರಾಯಿತು.

ನವೆಂಬರ್ ೨೧, ಶುಕ್ರವಾರ

ಬರುತ್ತಾರಂತೆ! ಎಲ್ಲರೂ ಬರುತ್ತಾರಂತೆ!

ಬೆಳಿಗ್ಗೆ ಕೊನೆಯ ಮನೆಯ ತಾಯವ್ವ ತಾನಾಗಿಯೇ ಬಂದು, "ನಮ್ಮ ಮೊಮ್ಮಕ್ಳನ್ನ ಕರಕೊಂಡ ಬರ್ತೀನಿ ನಂದವ್ವ, ಎಷ್ಟಕ್ಕ ಬರ್ಲಿ?" ಅಂದಳು. ಮಧ್ಯಾಹ್ನ ಎದುರು ಮನೆಯವರು ಕೇಳಿದರು. ಸಂಜೆ ಬಾಗಿಲಲ್ಲಿ ರೋಹಿಣಿ. "ಶಲವಡಿಗೆ ಹೋಗೂದು ಬಿಟ್ವಿ. ಸ್ಪಂದನಾನ ಕರಕೊಂಡ ಬರ್ತೀನಿ" ಅಂದು ನನ್ನ ಕೈ ಹಿಡಿದುಕೊಂಡಳು. ನನಗೆ ಅಳು ಬಂತು. ಎಷ್ಟಾದರೂ ಹಳೆಯ ಗೆಳತಿ.

ಆಮೇಲೆ ಒಳಗೆ ಅತ್ತೆ ಕರೆದರು. ಅವರ ಕಣ್ಣೂ ತುಂಬಿದ್ದವು. "ಹರಕಿ ಹೊತ್ತೀಯಂತ. ಊರೆಲ್ಲಾ ಮಾತಾಡಾಕತ್ತೇತಿ. ನನಗೊಂದ ಮಾತ ಹೇಳಬಾರದಾಗಿತ್ತೇನ ಬೇ? ಇವತ್ತಿಂದ ನಾ ಒಪ್ಪತ್ತು ಉಣ್ತೀನಿ, ಆವತ್ತಿನ ತನಕ."

ಆಗ ತಿಳಿಯಿತು, ಇವರೆಲ್ಲ ಯಾಕೆ ಬರುತ್ತಿದ್ದಾರೆ ಅಂತ. ಹರಕೆಯ ಹುಲಿಯ ಮನೆಗೆ ಕರೆದಾಗ ಹೋಗದಿದ್ದರೆ ದೇವರಿಗೆ ಸಿಟ್ಟು ಬರುತ್ತದೆ. ನನಗೆ ಬಂದರೆ ಪರವಾಗಿಲ್ಲ.

ಇರಲಿ. ಯಾಕಾದರೂ ಬರಲಿ, ಬರಲಿ. ಬಂದ ಮೇಲೆ ಮಕ್ಕಳು ಮಕ್ಕಳೇ, ಆಡದೆ ಇರುತ್ತಾರೆಯೇ?

ನವೆಂಬರ್ ೨೩, ಭಾನುವಾರ

ನಮ್ಮವರ ಜೊತೆ ಜಗಳ. ಇವರ ಗೊಬ್ಬರದ ಅಂಗಡಿಗೆ ಬಂದವರೆಲ್ಲ ಹರಕೆಯ ಮಾತನ್ನೇ ಆಡಿದ್ದಾರೆ. ಮನೆಗೆ ಬಂದು ನನ್ನನ್ನು ಕೇಳಿದರು. ಇವರಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇದ್ದದ್ದು ಹೇಳಿದೆ.

"ನಾಳೆ ಮುಂಜಾನೆ ಬಾಷಾಸಾಬನ ಮನಿಗೆ ಹೋಗಿ ಹೇಳಿ ಬಾ. ದೇವ್ರ ಹೆಸರಿಲೆ ಆಟ ಬ್ಯಾಡ" ಅಂದರು.

"ಹೇಳಿದ್ರ ಒಂದ ಹುಡುಗ ಬರೂದಿಲ್ರಿ. ನಿಮ್ಮ ಮಗಳು ಒಬ್ಬಾಕಿನ ಕೇಕ್ ಕೊಯ್ದ್ರ ನಿಮಗ ಚಂದ ಕಾಣ್ತೈತೇನು?"

"ಈಗ ಬರಾವ್ರು ಯಾರ ಸಲುವಾಗಿ ಬರಾಕತ್ತಾರ, ಅದನ್ನರ ವಿಚಾರ ಮಾಡು."

"ನಿಮಗ ಗೊತ್ತಾಗೂದಿಲ್ಲ. ವ್ಯಾನ್‌ನ್ಯಾಗ ಆಕಿ ಬಾಜೂ ಯಾರೂ ಕುಂದರೂದಿಲ್ಲ. ನೀವು ಅಂಗಡ್ಯಾಗ ಕುಂತಿರ್ತೀರಿ."

ಆ ಮಾತು ಆಡಬಾರದಾಗಿತ್ತು. ಇಂಚರಾ ಅಲ್ಲೇ ಹೊಸ್ತಿಲ ಮೇಲೆ ಕೂತು ಬಲೂನು ಊದುತ್ತಿದ್ದಳು. ಬಲೂನು ಬಿಟ್ಟು ಬಂದು, "ನಂಗ ಕಿಡಕಿ ಬಾಜೂ ಜಾಗಾ ಸಿಗತೈತಿ, ಅದ ಚೊಲೊ" ಅಂದಳು. ಇವರು ಎದ್ದು ಹೊರಗೆ ಹೋದರು. ಎಷ್ಟು ತಿಳಿಗೇಡಿ ಹುಡುಗಿ, ಯಾವ ಮಾತಿಗೆ ಯಾವ ಮಾತು ಅಂತ ನನಗೆ ಇನ್ನೂ ಸಂಕಟ ಆಯಿತು.

ನವೆಂಬರ್ ೨೭, ಗುರುವಾರ

ಅಂಗಳ ಕಾಡಾಗುತ್ತಿದೆ. ಥರ್ಮಾಕೋಲಿನ ಮರ, ಹಸಿರು ಬಟ್ಟೆ. ಸಂದಿಗಳಿಗೆಲ್ಲ ಹೊಲದಿಂದ ತರಿಸಿದ ಹಸಿ ಜೋಳದ ದಂಟು ನಿಲ್ಲಿಸಿದ್ದೇನೆ. ಸಿಂಹದ ಕೇಕು ನವಲಗುಂದದ ಬೇಕರಿಯಲ್ಲಿ ಹೇಳಿಯಾಗಿದೆ. ಮಕ್ಕಳಿಗೆ ಆಟಗಳೂ ಗೊತ್ತು ಮಾಡಿದ್ದೇನೆ: ಆನೆ ನಡಿಗೆ, ಕಪ್ಪೆ ಓಟ, ಹುಲಿ ಬಂತು ಹುಲಿ. ಎಲ್ಲ ಆಟದಲ್ಲೂ ಒಬ್ಬರು ಒಬ್ಬರನ್ನು ಮುಟ್ಟಲೇಬೇಕು, ಹಾಗೇ ಆರಿಸಿದ್ದೇನೆ.

ಕೆಲಸ ಇದ್ದರೆ ಯೋಚನೆ ಬರುವುದಿಲ್ಲ. ಅದಕ್ಕೇ ಕೈ ಬಿಟ್ಟು ಕೂರುವುದೇ ಇಲ್ಲ, ಕಟ್ಟಿದ ದಂಟನ್ನೇ ಬಿಚ್ಚಿ ಮತ್ತೆ ಕಟ್ಟುತ್ತೇನೆ. ಅತ್ತೆ ಒಪ್ಪತ್ತು ಉಂಡು ಸೊರಗಿದ್ದಾರೆ. ಅವರ ಮುಖ ನೋಡಲು ಆಗುತ್ತಿಲ್ಲ.

ನವೆಂಬರ್ ೩೦, ಭಾನುವಾರ

ಬಾಷಾಸಾಬ ಮುಂಜಾನೆಯೇ ಸ್ನಾನ ಮಾಡಿ, ಮಡಿ ಅಂಗಿ ಹಾಕಿಕೊಂಡು ಬಂದಿದ್ದಾನೆ. ಪಡಸಾಲೆಯಲ್ಲಿ ಇಂಚರಾಳನ್ನು ಮಣೆಯ ಮೇಲೆ ನಿಲ್ಲಿಸಿ ಹಳದಿ ಬಳಿಯುತ್ತಿದ್ದಾನೆ. ಅವಳು ಉಸಿರು ಬಿಗಿ ಹಿಡಿದು ನಿಂತಿದ್ದಾಳೆ. ಬಾಯಿಯ ಸುತ್ತಲಿನದು ಮುಚ್ಚಿತು. ಕಣ್ಣಿನ ಮೇಲಿನದೂ ಮುಚ್ಚಿತು. ಯುಗಾದಿಯಿಂದ ಇವತ್ತೇ ನಾನು ಅವಳನ್ನು ಕಣ್ತುಂಬ ನೋಡುತ್ತಿರುವುದು.

ಸಂಜೆ ನಾಲ್ಕಕ್ಕೆ ಬರುತ್ತಾರೆ. ದೇವರೇ, ಇದೊಂದು ದಿನ ದಾಟಿಸು.

ಡಿಸೆಂಬರ್ ೧, ಸೋಮವಾರ

ಬರೆಯುವ ಮನಸ್ಸಿಲ್ಲ. ಬರೆಯದೆ ಇದ್ದರೆ ತಲೆ ಒಡೆದು ಹೋಗುತ್ತದೆ.

ಬಂದರು. ನಾನು ಕರೆದದ್ದಕ್ಕಿಂತ ಹೆಚ್ಚು ಬಂದರು. ಮಕ್ಕಳ ಹಿಂದೆ ತಾಯಂದಿರು, ತಾಯಂದಿರ ಹಿಂದೆ ಅಜ್ಜಿಯರು, ಎಲ್ಲರೂ ತಲೆಗೆ ನೀರು ಹಾಕಿಕೊಂಡು, ಕೈಯಲ್ಲಿ ಸಕ್ಕರೆ, ಕಾಯಿ, ಊದಿನಕಡ್ಡಿ ಹಿಡಿದುಕೊಂಡು. ಹುಟ್ಟುಹಬ್ಬದ ಕಾಣಿಕೆ ಒಬ್ಬರ ಕೈಯಲ್ಲೂ ಇರಲಿಲ್ಲ. ನಾನು ಹಚ್ಚಿದ್ದ ಹಾಡನ್ನು ಯಾರೋ ಬಂದ್ ಮಾಡಿದರು. ಓಣಿಯ ತುದಿಯಿಂದ ಹಲಗೆಯವರೂ ಬಂದರು. ಯಾರು ಕರೆದರೋ ಗೊತ್ತಿಲ್ಲ.

ಬಾಷಾಸಾಬ ಬೇರೆ ಮಕ್ಕಳಿಗೆ ಬಣ್ಣ ಬಳಿಯಲು ಒಪ್ಪಲಿಲ್ಲ. "ಅವುಕ್ಕೇನ ಹರಕಿ ಐತ್ರಿ?" ಅಂದ. ಕರಡಿ ಇಲ್ಲ, ಚಿರತೆ ಇಲ್ಲ. ನಾನು ಕಟ್ಟಿದ ಅಷ್ಟು ದೊಡ್ಡ ಕಾಡಿನಲ್ಲಿ ಬಣ್ಣದ ಮುಖ ಒಂದೇ. ಯಾರಿಗೂ ಗುರುತು ಸಿಗಬಾರದು ಅಂದುಕೊಂಡಿದ್ದ ನನ್ನ ಮಗಳನ್ನು ಥರ್ಮಾಕೋಲಿನ ಮರದ ಕೆಳಗೆ ಕುರ್ಚಿಯ ಮೇಲೆ ಕೂರಿಸಿ ಊರೆಲ್ಲ ಸಾಲು ಹಚ್ಚಿ ನೋಡಿತು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅಂತ ಸುಮ್ಮನೆ ಹೇಳಿಲ್ಲ.

ಆ ಹೆಸರನ್ನು ನನ್ನ ಅಂಗಳದಲ್ಲೇ ಎಲ್ಲರೂ ಬಾಯಿ ಬಿಟ್ಟು ಆಡಿದರು. "ತೊನ್ನು ಹೋಗಲಿ ಅಂತ ಹೊತ್ತಾಳ ಪಾಪ." "ಭಾರಿ ಹರಕಿ ಬಿಡವ್ವಾ, ಹೋಗ್ತೈತಿ." ತಾಯವ್ವ ಜ್ವರ ಬಂದ ಮೊಮ್ಮಗನನ್ನು ಇಂಚರಾಳ ಕಾಲ ಮೇಲೆ ಹಾಕಿ, "ಕೈ ಇಡು ತಾಯಿ, ತಲಿ ಮ್ಯಾಲ ಕೈ ಇಡು" ಅಂದಳು. ಇಂಚರಾ ನನ್ನ ಮುಖ ನೋಡಿದಳು. ನಾನು ಇಡು ಅಂತ ಕಣ್ಣು ಮಾಡಿದೆ. ಇಟ್ಟಳು. ಆಮೇಲೆ ಎಲ್ಲರೂ ತಮ್ಮ ಮಕ್ಕಳನ್ನು ತಂದರು. ನಾನು ಆನೆ ನಡಿಗೆ ಆಡೋಣ ಬರ್ರಿ ಅಂತ ಎರಡು ಸಲ ಕರೆದೆ. ನನ್ನ ದನಿ ಹಲಗೆಯಲ್ಲಿ ಮುಚ್ಚಿಹೋಯಿತು.

ಸ್ಪಂದನಾಳ ಸರದಿ ಬಂತು. ರೋಹಿಣಿ ಅವಳ ತಲೆ ಹಿಡಿದು ಇಂಚರಾಳ ಕಾಲಿಗೆ ಬಾಗಿಸಿದಳು. ಹುಡುಗಿ ಎದ್ದವಳೇ ಇಂಚರಾಳ ಕೈ ಜಗ್ಗಿದಳು. "ಇಂಚೂ, ಇಳಿಯಲೇ ಕೆಳಗ, ಆಡೂಣು ಬಾ."

ರೋಹಿಣಿ ಅವಳ ಕೈ ಬಿಡಿಸಿದಳು. "ಹಂಗ ಮುಟ್ಟಬಾರದು. ಪಾದ ಅಷ್ಟ ಮುಟ್ಟಬೇಕು. ದೇವ್ರ ಅದು."

ಮೊದಲು ರೋಗ ಅಂತ ಮುಟ್ಟಲಿಲ್ಲ. ಈಗ ದೇವರು ಅಂತ ಮುಟ್ಟಲಿಲ್ಲ.

ಬಣ್ಣದ ಕೆಳಗೆ ಇಂಚರಾ ಬೆವರುತ್ತಿದ್ದಳು. ನೀರು ಕೇಳಿದಳು. ಮಸೂತಿಗೆ ಹೋಗಿ ಮುಲ್ಲಾನಿಂದ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿಕೊಂಡು ಬರುವ ತನಕ ಹರಕೆಯ ಹುಲಿ ಏನೂ ಬಾಯಿಗೆ ಹಾಕಬಾರದು ಅಂತ ಅತ್ತೆ ತಡೆದರು. ಸಿಂಹದ ಕೇಕು ಮೇಜಿನ ಮೇಲೆ ಕರಗುತ್ತಿತ್ತು. ನಾನು ಹತ್ತಿರ ಹೋಗಿ ಬಾಗಿದೆ. ಅವಳು ನನ್ನ ಕಿವಿಯಲ್ಲಿ ಕೇಳಿದಳು.

"ಅವ್ವಾ, ಬ್ಯಾಸರಾತು. ಬಣ್ಣಾ ತಗದ್ರ ಇವರೆಲ್ಲಾ ಹೋಗ್ತಾರೇನು?"

"ಹೂಂ" ಅಂದೆ.

ಅವಳು ಸಾಲನ್ನು ನೋಡಿದಳು. ನನ್ನನ್ನು ನೋಡಿದಳು. "ಹಂಗಾರ ಇರ್ಲಿ ಬಿಡು. ತಗೀಬ್ಯಾಡ" ಅಂದಳು. ಅಂದು ಮುಂದಿನ ಮಗುವಿನ ತಲೆ ಮೇಲೆ ಕೈ ಇಟ್ಟಳು.

ನನಗೆ ಆಮೇಲೆ ಏನಾಯಿತೋ ಸರಿಯಾಗಿ ಹೇಳಲು ಬರುವುದಿಲ್ಲ. ಏಳು ವರ್ಷದ ಹುಡುಗಿ ಜನರ ಸಲುವಾಗಿ ಬಾಯಾರಿಕೊಂಡು ಕೂರಬೇಕೇ? ಹಾಗೆ ಕೂರಿಸಿದವಳು ಯಾರು? ತಂಬಿಗೆಯ ನೀರಿನಲ್ಲಿ ಸೆರಗು ಅದ್ದಿ ಅವಳ ಮುಖ ತಿಕ್ಕಿದೆ. ನೀರಲ್ಲಿ ಕಲಸಿದ ಬಣ್ಣ, ಬೇಗ ಬಿಟ್ಟಿತು. ಹಳದಿ ಹೋಯಿತು, ಕರಿ ಪಟ್ಟೆ ಹೋಯಿತು. ಬಾಯಿಯ ಸುತ್ತಲಿನದೂ ಕಣ್ಣಿನ ಮೇಲಿನದೂ ಎದ್ದು ಕಂಡಿತು. ಹಲಗೆ ನಿಂತಿತು.

"ಹರಕಿ ಇಲ್ಲ. ನಾ ಸುಳ್ಳ ಹೇಳೀನಿ" ಅಂದೆ. "ಈಕಿ ಹುಲಿ ಅಲ್ಲ, ದೇವ್ರಲ್ಲ. ನನ್ನ ಮಗಳು ಇಂಚರಾ. ಈಕಿಗೆ ತೊನ್ನು ಐತಿ. ಅದು ಯಾರಿಗೂ ಅಂಟೂದಿಲ್ಲ. ಈಕಿ ಜೋಡಿ ಕುಂತ ಕೇಕ್ ತಿನ್ನಾವ್ರು ಕುಂದರ್ರಿ. ಒಲ್ಲದಾವ್ರು ಹೋಗ್ರಿ."

ಹೋದರು. ಒಬ್ಬೊಬ್ಬರೇ ತಮ್ಮ ಮಕ್ಕಳ ರಟ್ಟೆ ಹಿಡಿದು, ತಂದ ಸಕ್ಕರೆ, ಕಾಯಿ ಎತ್ತಿಕೊಂಡು. ತಾಯವ್ವ ಮೊಮ್ಮಗನ ತಲೆಯನ್ನು ಸೆರಗಿನಿಂದ ಒರೆಸುತ್ತ ಹೋದಳು. ಸ್ಪಂದನಾ ಕೇಕು ಬೇಕು ಅಂತ ಕೈಕಾಲು ಬಡಿದಳು. ರೋಹಿಣಿ ಅವಳನ್ನು ಎತ್ತಿಕೊಂಡೇ ಹೋದಳು. ನನ್ನ ಕಡೆ ನೋಡಲಿಲ್ಲ.

ಬಾಷಾಸಾಬ ಎಲ್ಲರೂ ಹೋಗುವ ತನಕ ಕುಂಚಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತುತ್ತಿದ್ದ. "ದೇವ್ರ ಹೆಸರ ತಗೊಂಡ ಬಳದೀನ್ರಿ ಅಕ್ಕಾರ. ನನ್ನ ಕೈ ಸುಳ್ಳ ಮಾಡಿದ್ರಿ" ಅಂದ. ಬೈದಿದ್ದರೆ ಚೆನ್ನಾಗಿತ್ತು. ಅತ್ತೆ ಕಂಬಕ್ಕೆ ಒರಗಿ ಕೂತು ಅಳುತ್ತಿದ್ದರು. "ಇಷ್ಟ ದಿನಾ ಉಪಾಸ ಇದ್ನೆಲ್ಲ ಬೇ. ಆ ಕೂಸಿನ ಸಲುವಾಗಿ ಖರೇ ಬೇಡ್ಕೊಂಡಿದ್ನಿ ನಾ." ಸುಳ್ಳು ನನ್ನದು, ಉಪವಾಸ ಅವರದು.

ದೊಡ್ಡವರಿಲ್ಲದೆ ಬಂದಿದ್ದ ಇಬ್ಬರು ಹುಡುಗರು ಮಾತ್ರ ಉಳಿದಿದ್ದರು. ಕೇಕು ತಿಂದು, ಬಾಯಿ ಒರೆಸಿಕೊಂಡು, ಇನ್ನೊಂದು ತುಂಡು ಕೇಳಿ ಇಸಿದುಕೊಂಡು ಅವರೂ ಹೋದರು. ಇಂಚರಾ ಮುಟ್ಟಲಿಲ್ಲ. ಕೊರಳ ತನಕ ಹಳದಿ, ಮುಖ ಬರಿದು, ಹಾಗೇ ಕುರ್ಚಿಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು.

"ತಗೀಬ್ಯಾಡ ಅಂದಿದ್ನಿ. ಯಾಕ ತಗದಿ?" ಅಂದಳು. ಹತ್ತಿರ ಹೋದರೆ ಎರಡೂ ಕೈಯಿಂದ ನನ್ನ ಹೊಟ್ಟೆಗೆ ಗುದ್ದಿದಳು. ಗುದ್ದಲಿ ಅಂತ ನಿಂತೆ. ನಮ್ಮವರು ಜೋಳದ ದಂಟುಗಳನ್ನು ಬಿಚ್ಚಿ ಎತ್ತುಗಳಿಗೆ ಹಾಕಿದರು.

ಎಲ್ಲ ಕೆಡಿಸಿದೆ. ಬರುವವರನ್ನೂ ಕಳಕೊಂಡೆ. ಇನ್ನು ಮುಂದೆ ಈ ಮನೆಗೆ ಯಾವ ಮಗುವೂ ಬರುವುದಿಲ್ಲ.

ಡಿಸೆಂಬರ್ ೨, ಮಂಗಳವಾರ

ಬಾಷಾಸಾಬನ ಮನೆಗೆ ಹೋಗಿ ತಪ್ಪಾಯಿತು ಅಂದೆ. "ಹೂಂ" ಅಂದ. ಕೂಡ್ರಿ ಅನ್ನಲಿಲ್ಲ. ಅತ್ತೆ ಒಲೆಯ ಕಡೆ ಬರುತ್ತಿಲ್ಲ. ಇಂಚರಾಳಿಗೆ ಮೈ ಬಿಸಿ, ಶಾಲೆಗೆ ಕಳಿಸಲಿಲ್ಲ.

ಡಿಸೆಂಬರ್ ೪, ಗುರುವಾರ

ಇಂಚರಾ ಇವತ್ತು ಶಾಲೆಗೆ ಹೋದಳು. ವ್ಯಾನಿನಲ್ಲಿ ಕಿಟಕಿಯ ಬಾಜು ಒಬ್ಬಳೇ.

ಹೋಗುವ ಮೊದಲು ಆದದ್ದು ಬರೆಯಬೇಕು. ಮೂರು ದಿನದಿಂದ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡು ಬಂದವಳೇ ಎಂದಿನಂತೆ ಕಣ್ಣು ಮುಚ್ಚಿ, ಗದ್ದ ಎತ್ತಿ ನನ್ನ ಮುಂದೆ ನಿಂತಳು. ನಾನು ಡಬ್ಬಿಗೆ ಕೈ ಹಾಕಲಿಲ್ಲ.

"ಬ್ಯಾಡ ಇಂಚೂ. ಇವತ್ತಿಂದ ಹಚ್ಚೂದು ಬ್ಯಾಡ" ಅಂದೆ.

ಒಂದು ಕಣ್ಣು ತೆರೆದಳು. "ಖರೇನ?"

"ಖರೇನ."

ಇನ್ನೊಂದು ಕಣ್ಣೂ ತೆರೆದಳು. "ಹಂಗಾರ ನೀ ಈಗ ಅಂಜೂದಿಲ್ಲೇನು?"

"ನಾ ಯಾಕ ಅಂಜಲಿ?"

"ನೀ ಅಂಜತಿದ್ದಿ. ಕಣ್ಣ ಆ ಕಡೆ ಮಾಡತಿದ್ದಿ. ಅದಕ್ಕ ನಾ ಹಚ್ಚಿಸ್ಕೊಂತಿದ್ನಿ. ನಂಗ ಅದು ದಿನಾ ಉರೀತಿತ್ತು."

ಬೈಯುವ ದನಿಯಲ್ಲಿ ಹೇಳಲಿಲ್ಲ. ನೀರು ಕುಡಿದೆ, ಶೂ ಹಾಕಿಕೊಂಡೆ ಅನ್ನುವ ಹಾಗೆ ಹೇಳಿದಳು. ನಾನು ಅವಳ ಮುಂದೆ ಮೊಳಕಾಲೂರಿ ಕೂತೆ. ತುಟಿಯ ಸುತ್ತ ಬೆಳ್ಳಗೆ ಇದೆ, ಅಂಚಿಗೆ ಸ್ವಲ್ಪ ಗುಲಾಬಿ ಬಣ್ಣ. ಎಡಗಣ್ಣಿನ ರೆಪ್ಪೆಯ ಕೂದಲೂ ಎರಡು ಮೂರು ಬೆಳ್ಳಗಾಗಿವೆ, ಅದು ನನಗೆ ಗೊತ್ತೇ ಇರಲಿಲ್ಲ. ಕ್ರೀಮು ಹಚ್ಚಿದ ಕಡೆಯಲ್ಲೆಲ್ಲ ಸಣ್ಣ ಸಣ್ಣ ಕೆಂಪು ಗುಳ್ಳೆ.

ವ್ಯಾನು ಹಾರ್ನ್ ಹೊಡೆಯಿತು. "ಅವ್ವಾ, ಬಿಡು, ಹೊತ್ತಾತು" ಅಂದಳು. ನಾನು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡುತ್ತಲೇ ಇದ್ದೆ.